ಕೌಂಟರಿನಲ್ಲಿ ಕೂರಿಸಿದ ಪದಕ

ಹದಿನೇಳು ವರ್ಷ ಟಪಾಲು ಚೀಲ ಹೊತ್ತು ಬೀದಿ ಬೀದಿ ಸುತ್ತಿದವಳು ವೇಗದ ನಡಿಗೆಯ ಪಂದ್ಯದಲ್ಲಿ ದೇಶಕ್ಕೇ ಮೊದಲು ಬಂದರೆ ಅದರಲ್ಲೇನು ಅತಿಶಯ ಎಂದು ಅಂಚೆಯಕ್ಕನಿಗೆ ಅನ್ನಿಸಿತ್ತು. ಊರಿಗೆ ಹಾಗನ್ನಿಸಲಿಲ್ಲ. ಮರುವಾರವೇ ಪೋಸ್ಟ್ ಮಾಸ್ಟರು ಆಕೆಯ ಚೀಲವನ್ನು ಬೇರೊಬ್ಬನಿಗೆ ಕೊಟ್ಟು, ಆಕೆಯನ್ನು ಮುಂದಿನ ಕೌಂಟರಿನಲ್ಲಿ ಕೂರಿಸಿದರು. ಹಿಂದಿನ ಗೋಡೆಗೆ ಆಕೆಯದೇ ಆಳೆತ್ತರದ ಫೋಟೊ.

"ಇನ್ನೂ ಬಿಸಿಲಲ್ಲಿ ಯಾಕಮ್ಮ ಅಲೀತೀರಾ? ನಿಮ್ಮಿಂದ ಆಫೀಸಿಗೇ ಒಂದು ಕಳೆ ಬಂದಿದೆ."

ಮಾಸ್ಟರು ಒಳ್ಳೆಯ ಮನುಷ್ಯರೇ, ಬುದ್ಧಿ ಮಾತ್ರ ಸ್ವಲ್ಪ ನಿಧಾನ. ಜನ ಒಂದು ಸ್ಟಾಂಪು ಕೊಂಡು ನಾಲ್ಕು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ನಕ್ಕು ನಕ್ಕು ಆಕೆಯ ದವಡೆ ನೋಯುತ್ತಿತ್ತು, ಮೇಜಿನ ಕೆಳಗೆ ಕಾಲು ಜೋಮು ಹಿಡಿಯುತ್ತಿತ್ತು. ತನ್ನ ಬೀದಿಗಳು ತನಗೆ ವಾಪಸು ಬೇಕು, ಅಷ್ಟೇ. ಕೇಳಿದರೆ ಗೆದ್ದ ಸೊಕ್ಕು ಅಂದಾರು ಎಂದು ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ, ಆಕೆ ಟಪಾಲು ಹಂಚುತ್ತಿದ್ದ ಬೀದಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ನಿವೃತ್ತ ಟೀಚರು ಕೋಲೂರಿಕೊಂಡು ಬಂದರು. ಇವರೂ ಫೋಟೊಗೇ ಬಂದರೆಂದು ಆಕೆ ಎದ್ದು ಕೂದಲು ಸರಿಮಾಡಿಕೊಂಡಳು. ಟೀಚರು ಒಂದು ಕಟ್ಟು ಕಾಗದವನ್ನು ಕೌಂಟರಿನ ಮೇಲೆ ಕುಕ್ಕಿದರು.

"ಇದರಲ್ಲಿ ಒಂದೂ ನನ್ನದಲ್ಲ. ನನ್ನ ತಂಗಿ ಕಾಗದ ಟೈಲರ್ ಮನೇಲಿ ಬಿದ್ದಿತ್ತು. ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?"

"ಇಲ್ಲೇ ಕೂತಿದ್ದೆ ಟೀಚರ್," ಎನ್ನುವಾಗ ಆಕೆಗೆ ಕಣ್ಣು ತುಂಬಿ ಬಂತು. ಯಾರಾದರೂ ಹೀಗೆ ಸಲುಗೆಯಿಂದ ಬೈದು ಎಷ್ಟು ದಿನವಾಗಿತ್ತು.

ಟೀಚರು ಮಾಸ್ಟರ ಕಡೆ ತಿರುಗಿದರು. "ನೋಡೋರಿಗೆ ಗೋಡೆ ಮೇಲಿರೋ ಫೋಟೊ ಸಾಕು. ಇವಳನ್ನ ಕೆಲಸಕ್ಕೆ ಕಳಿಸಪ್ಪ."

"ಹೋಗ್ತೀನಿ ಸರ್. ಕೂತು ಕೂತು ಸಾಕಾಗಿದೆ," ಎಂದು ಅಂಚೆಯಕ್ಕ ಕೊನೆಗೂ ಹೇಳಿಬಿಟ್ಟಳು. ಮಾಸ್ಟರು ತಲೆ ಕೆರೆದುಕೊಂಡು ಚೀಲ ತರಿಸಿದರು.

ಬೀದಿಯಲ್ಲೂ ಜನ ಫೋಟೊ ಕೇಳುವುದು ಬಿಡಲಿಲ್ಲ. "ಬನ್ನಿ, ನಡೀತಾನೇ ತೆಗೀರಿ," ಎನ್ನುತ್ತಿದ್ದಳು. ಎರಡನೇ ತಿರುವಿಗೆ ಅಭಿಮಾನಿಗಳೆಲ್ಲ ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತಿರುತ್ತಿದ್ದರು. ಆಕೆಗೆ ಒಳಗೊಳಗೇ ಖುಷಿ.

ಒಂದು ದಿನ ಮೂರನೇ ಮಹಡಿ ಹತ್ತಿ, ತಂಗಿಯ ಹೊಸ ಕಾಗದವನ್ನು ಟೀಚರ ಕೈಗಿತ್ತಳು. ಅವರು ಗಡಿಯಾರ ನೋಡಿದರು.

"ಐದು ನಿಮಿಷ ತಡ. ಅದೇನೋ ಪಂದ್ಯ ಗೆದ್ದೆಯಂತೆ. ಹೇಗಿತ್ತು?"

ಇಷ್ಟು ದಿನದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅಂಚೆಯಕ್ಕ ಚೀಲ ಕೆಳಗಿಳಿಸಿ, ಮೆಟ್ಟಿಲ ಮೇಲೆ ಆರಾಮಾಗಿ ಕೂತು, ಮೊದಲ ಹೆಜ್ಜೆಯಿಂದ ಹೇಳತೊಡಗಿದಳು.