ಫ್ರೇಮಿನಡಿ ಹೋದ ಹೆಸರು

ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಫೋಟೋ ನೋಡಿ ಮುಖದ ಚಿತ್ರ ಬರೆಯುತ್ತಾಳೆ. ಅದೇ ಅವಳ ಹೊಟ್ಟೆಪಾಡು. ಲಾಂಡ್ರಿಯ ಮೇಲೆ ಒಂದೇ ಕೋಣೆ, ಕಿಟಕಿಗೆ ಒತ್ತಿದ ಮೇಜು, ಬಣ್ಣ ಮೆತ್ತಿಕೊಂಡ ಮೊಬೈಲು. ಅವಳಿಗೆ ಆರ್ಡರ್ ತಂದುಕೊಡುತ್ತಿದ್ದವನು ನಮ್ಮಪ್ಪ. ಅವನದು ಫ್ರೇಮ್ ಹಾಕುವ ಅಂಗಡಿ. "ನಮ್ಮೋಳು ಅಂತ ಕೊಡಿಸ್ತಿದೀನಿ, ರೇಟು ನೋಡಿ ಹೇಳು" ಎಂದು ಅವನು ರಾಗ ಎಳೆದರೆ ಅವಳು ಅರ್ಧಕ್ಕೇ ಒಪ್ಪಿಬಿಡುತ್ತಿದ್ದಳು.

ಒಮ್ಮೆ ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋದಳು. ಎದುರಿನ ಗೋಡೆಯಲ್ಲಿ ಅವಳೇ ಬರೆದ ಚಿತ್ರ. ಮೂಲೆಯ ಸಹಿ ಮಾತ್ರ ಇಲ್ಲ. ದಪ್ಪ ಫ್ರೇಮಿನ ಅಂಚು ಅದನ್ನು ನುಂಗಿತ್ತು. "ಫ್ರೇಮಿನ ಅಂಗಡಿಯವರೇ ಬರೀತಾರೆ, ಒಳ್ಳೆ ಕೈ" ಎಂದ ಡಾಕ್ಟರ್, ತಾನು ಕೊಟ್ಟ ಬೆಲೆಯನ್ನೂ ಹೇಳಿದ. ಅಪ್ಪ ಅವಳಿಗೆ ಕೊಟ್ಟಿದ್ದರ ಐದು ಪಟ್ಟು! ಹಲ್ಲು ಕಿತ್ತ ನೋವು ಅವಳಿಗೆ ನೆನಪೇ ಇಲ್ಲವಂತೆ, ಮೈಯೆಲ್ಲ ಅಷ್ಟು ಉರಿಯುತ್ತಿತ್ತು.

"ನಿಮ್ಮಪ್ಪ ನನ್ನ ಹೆಸರನ್ನೇ ತಿಂದು ತೇಗಿದಾನೆ ಕಣೇ. ಬಿಡಲ್ಲ ನಾನು" ಎಂದಳು ನನ್ನ ಹತ್ತಿರ. ಆದರೆ ಜಗಳಕ್ಕೆ ಹೋಗಲಿಲ್ಲ. ಹಲ್ಲು ಕಚ್ಚಿಕೊಂಡು ಕಾದಳು.

ಅಪ್ಪನ ಅಮ್ಮನಿಗೆ, ಅಂದರೆ ನಮ್ಮ ಅಜ್ಜಿಗೆ, ತೀರಿಕೊಂಡ ಅಜ್ಜನ ದೊಡ್ಡ ಚಿತ್ರ ಬೇಕೆನಿಸಿತು. ಅದೂ ಅಂಗಡಿಯಲ್ಲೇ, ತಾನು ಕೂರುವ ಕುರ್ಚಿಯ ಎದುರಿಗೆ. ಅಪ್ಪ ರೇಟು ಕೇಳಿದ.

"ನನ್ನ ಹೆಸರು ಹಾಕಿದ್ರೆ ಯಾವಾಗ್ಲೂ ಕೊಡೋ ರೇಟೇ ಭಾವ. ಹೆಸರಿಲ್ದೆ ಬೇಕಂದ್ರೆ ಹತ್ತು ಪಟ್ಟು."

"ಹಾಕ್ಕೊಳ್ಳಮ್ಮ ತಾಯಿ, ಯಾರು ಬೇಡ ಅಂದ್ರು?" ಅಪ್ಪ ನಕ್ಕ. ಫ್ರೇಮು ಅವನ ಕೈಯಲ್ಲೇ ಇತ್ತಲ್ಲ!

ಚಿತ್ರ ಬಂತು. ಅಜ್ಜ ಎಂದಿನಂತೆ ಪೇಪರ್ ಓದುತ್ತಿದ್ದಾನೆ, ಗದ್ದದ ಕೆಳಗೇ ಹಿಡಿದುಕೊಂಡು. ಪೇಪರಿನ ತಲೆಬರಹದ ಜಾಗದಲ್ಲಿ ಚಿಕ್ಕಮ್ಮನ ಹೆಸರು, ಅದರ ಕೆಳಗೆ ಫೋನ್ ನಂಬರು.

ಅಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಅಂಗಡಿಯಲ್ಲಿದ್ದ ಅಗಲದ ಫ್ರೇಮ್ ಪಟ್ಟಿಗಳನ್ನೆಲ್ಲ ತಂದು ಇಟ್ಟು ನೋಡಿದ. ಹೆಸರು ಮುಚ್ಚಬೇಕಾದರೆ ಅಜ್ಜನ ಗದ್ದವೂ ಮುಚ್ಚಿಹೋಗುತ್ತಿತ್ತು. "ಅವರ ಮುಖಕ್ಕೆ ಕೈ ಹಾಕಿದ್ರೆ ನೋಡು ಮತ್ತೆ!" ಎಂದು ಅಜ್ಜಿ ಗುಡುಗಿದಳು. ಹೆಸರು ಅಳಿಸಿಕೊಡೆಂದು ಗೋಗರೆಯಲು ಅಪ್ಪ ಲಾಂಡ್ರಿಯ ಮೆಟ್ಟಿಲು ಹತ್ತಿದ.

"ಅಳಿಸ್ತೀನಿ ಭಾವ, ಅದಕ್ಕೇನಂತೆ? ಹತ್ತು ಪಟ್ಟು. ಮೊದಲೇ ಕೊಡ್ಬೇಕು."

ಅಪ್ಪ ಇಳಿದು ಬಂದು, ಚಿತ್ರವನ್ನು ಹೆಸರಿನ ಸಮೇತ ಅಜ್ಜಿಯ ಕುರ್ಚಿಯ ಎದುರಿಗೆ ತೂಗುಹಾಕಿದ. ನನಗಂತೂ ಹಾಲು ಕುಡಿದಷ್ಟು ಸಂತೋಷ.

ಮೊನ್ನೆ ಒಬ್ಬ ಹೆಂಗಸು ಚಿತ್ರ ಬರೆಸಬೇಕೆಂದು ಗಂಡನ ಫೋಟೋ ಹಿಡಿದುಕೊಂಡು ಅಂಗಡಿಗೆ ಬಂದಳು. ಬೆಲೆ ಹೇಳಲು ಅಪ್ಪ ಬಾಯಿ ತೆರೆದ. ಅವಳ ಕಣ್ಣು ಅದಾಗಲೇ ಅಜ್ಜನ ಪೇಪರಿನ ಮೇಲಿತ್ತು. ಮೊಬೈಲ್ ತೆಗೆದು, "ಇಲ್ಲಿಂದ ನಂಬರ್ ಸರಿಯಾಗಿ ಕಾಣ್ತಿಲ್ಲ" ಎಂದಳು. ಅಜ್ಜಿ ಕನ್ನಡಕ ಏರಿಸಿಕೊಂಡು, ಮಗನ ಮುಂದೆಯೇ, ಒಂದೊಂದೇ ಅಂಕಿ ಬಿಡಿಸಿ ಓದಿದಳು. ಹೆಂಗಸಿಗೆ ತಪ್ಪಾಗದಿರಲೆಂದು ಇನ್ನೊಮ್ಮೆ ಓದಿದಳು.