ಬಾತ್‌ರೂಮಿಗೆ ಎಷ್ಟಾಯಿತು

ಐವತ್ತು ರೂಪಾಯಿಯ ಪೊರಕೆಗೂ ಮೂರು ಅಂಗಡಿಯಲ್ಲಿ ಬೆಲೆ ಕೇಳುವವನು ನಾನು. ಚಾಮರಾಜನಗರದ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೊಟೇಶನ್ ಕಡತಗಳನ್ನೇ ತಿರುವಿ ಬಂದ ಗುಣ. ಮೂರು ಕೊಟೇಶನ್ ಸಿಗದಿದ್ದರೆ ಇವರಿಗೆ ಹಸಿವೂ ಆಗುವುದಿಲ್ಲ ಎಂದು ನನ್ನ ಹೆಂಡತಿ ನಾಗವೇಣಿ ನೆಂಟರ ಮುಂದೆ ಹೇಳುವುದುಂಟು. ನಾನೂ ನಗುತ್ತಿದ್ದೆ. ಈಗ ಆ ಮಾತು ಬಂದರೆ ಎದ್ದು ಹೋಗುತ್ತೇನೆ.

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬಂದವರು ಕೈ ತೊಳೆಯಲು ಹೋದರೆ ನಮ್ಮ ಬಾತ್‌ರೂಮಿನ ಉದುರಿದ ಗಾರೆ, ಕಪ್ಪಗಾದ ನೆಲ ಕಾಣುತ್ತದಲ್ಲ ಎಂಬುದು ನನ್ನ ಚಿಂತೆ. ಒಡೆಸಿ ಹೊಸದು ಮಾಡಿಸೋಣ ಎಂದು ಹೊರಟೆ. ಆರಡಿ ನಾಲ್ಕಡಿಯ ಜಾಗ. ಮೊದಲನೆಯ ಮೇಸ್ತ್ರಿ ಅರವತ್ತೈದು ಸಾವಿರ ಎಂದ. ಕೆದಕಿದರೆ ಅದರಲ್ಲಿ ಕಮೋಡೂ ಇಲ್ಲ, ನಲ್ಲಿಯೂ ಇಲ್ಲ. ಎರಡನೆಯವನು ತೊಂಬತ್ತೈದು. ಮೂರನೆಯವನು ಗಾಜಿನ ಬಾಗಿಲು ಸೇರಿಸಿ ಒಂದು ಲಕ್ಷದ ಮೂವತ್ತಕ್ಕೆ ನಿಂತ. ಈ ಮೂವರ ನಡುವೆ ನಾನು ಎರಡು ತಿಂಗಳು ಓಡಾಡಿದೆ. ಅಡಿಗೆ ನಾಲ್ಕು ರೂಪಾಯಿ ಕಡಿಮೆಗೆ ಟೈಲ್ಸ್ ಸಿಗುತ್ತದೆಂದು ಗುಂಡ್ಲುಪೇಟೆಗೂ ಹೋಗಿ, ಬಸ್ ಚಾರ್ಜು ಕಳೆದರೆ ಲಾಭವೇನೂ ಇಲ್ಲವೆಂದು ಬರಿಗೈಲಿ ಬಂದೆ.

ನಾನು ಹುಟ್ಟಿದ ಹರದನಹಳ್ಳಿಯ ಮನೆಯಲ್ಲಿ ಬಚ್ಚಲೆಂದರೆ ಒಂದು ಕಲ್ಲು ಚಪ್ಪಡಿ, ಒಂದು ಹಂಡೆ. ಮಿಕ್ಕಿದ್ದಕ್ಕೆಲ್ಲ ಬಯಲು. ಹೆಂಗಸರು ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದರು. ಕಾಯುವುದಕ್ಕೆ ಅನುಕೂಲವಾಗುವಷ್ಟೇ ಉಣ್ಣುವುದನ್ನು, ಕುಡಿಯುವುದನ್ನು ಅವರು ಹೇಗೋ ಕಲಿತಿದ್ದರು. ಅದು ವಿದ್ಯೆಯೆಂದು ನನಗೆ ಆಗ ತಿಳಿದಿರಲಿಲ್ಲ. ಅಮ್ಮ ಅದನ್ನು ಮರೆತಿಲ್ಲವೆಂದೂ ತಿಳಿದಿರಲಿಲ್ಲ.

ಎಪ್ಪತ್ತೆಂಟರ ಅಮ್ಮ ನಮ್ಮ ಜೊತೆಗೇ ಇದ್ದಳು. ಕೊನೆಗೆ ನಾನು ಕೆಲಸ ಒಪ್ಪಿಸಿದ್ದು ಆ ಎರಡನೆಯವನಿಗೆ, ಮೇಸ್ತ್ರಿ ಅನ್ವರ್‌ಗೆ. ಅವನು ಅಳತೆಗೆ ಬಂದ ದಿನ ನಾನು ನಲ್ಲಿಗಳ ಕ್ಯಾಟಲಾಗು ತರಲು ಅಂಗಡಿಗೆ ಹೋಗಿದ್ದೆ. ಅನ್ವರ್ ಕಾಯುತ್ತ ಜಗಲಿಯಲ್ಲಿ ಅಮ್ಮನ ಹತ್ತಿರ ಕೂತು ಮಾತಾಡಿದ್ದಾನೆ. ಬಾತ್‌ರೂಮಿನಲ್ಲಿ ನಿಮಗೆ ಏನು ಬೇಕಮ್ಮ ಎಂದು ಕೇಳಿದ್ದಾನೆ. ಎರಡು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ನಾನು ಬಂದ ಮೇಲೆ ನನ್ನನ್ನು ಗೇಟಿನ ಹತ್ತಿರ ಕರೆದ.

"ಸಾರ್, ಬೇಜಾರು ಮಾಡ್ಕೋಬೇಡಿ. ಅಮ್ಮೋರು ನೀರು ಕುಡಿಯೋದೇ ಬಿಟ್ಟವ್ರೆ."

ಒಳಗೆ ಹೋಗಿ ಅಮ್ಮನನ್ನು ಕೇಳಿದೆ. ಅವಳಿಗೆ ನಾಚಿಕೆಯಾಯಿತು. ಸೆರಗು ಸರಿಮಾಡಿಕೊಳ್ಳುತ್ತ ಗೋಡೆ ಕಡೆ ನೋಡಿ ಹೇಳಿದಳು: "ಕುಡುದ್ರ ಓಗ್ಬೇಕಲ್ಲ ಕಣ್ಲಾ. ಅಲ್ಲಿ ಕೂತ್ರ ಏಳಾಕಾಗಲ್ಲ. ಎಂಗೂ ಒಸದು ಮಾಡುಸ್ತೀಯಲ್ಲ, ಅಲ್ಲಿಗಂಟ ತಡ್ಕಳನ ಅಂತಿದ್ದಿ."

ಎರಡು ದಿನದಿಂದ ಅವಳ ಮೈ ಬಿಸಿಯಿತ್ತು. ಬಿಸಿಲಿಗೆ ಹಾಗಾಗಿದೆ ಎಂದುಕೊಂಡಿದ್ದೆವು. ಅಂದೇ ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು ಏರಿ ಕಿಡ್ನಿಗೆ ಹೋಗಿತ್ತು. ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತಿದ್ದರು ಎಂದು ಡಾಕ್ಟರಮ್ಮ ಕೇಳಿದರು. ಊರಿನ ಮೂರು ಅಂಗಡಿಗಳ ಟೈಲ್ಸ್ ದರ ಬಾಯಿಪಾಠವಿದ್ದ ನನಗೆ ಅದು ಗೊತ್ತಿರಲಿಲ್ಲ. ನಾಗವೇಣಿಯ ಮುಖ ನೋಡಿದೆ. ಅವಳಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯ ಒಂಬತ್ತು ದಿನಗಳಲ್ಲಿ ಅನ್ವರ್ ಕೆಲಸ ಮುಗಿಸಿದ. ಗೋಡೆ ಒಡೆದಾಗ ಒಳಗಿನ ಪೈಪು ಕೊಳೆತಿತ್ತು, ಅದಕ್ಕೇ ಹದಿನಾಲ್ಕು ಸಾವಿರ. ನಾನು ಆರಿಸಿಟ್ಟಿದ್ದ ಹೊಳೆಯುವ ಟೈಲ್ಸನ್ನು ಅವನು ವಾಪಸು ಕಳಿಸಿ, ಕಾಲು ಜಾರದ ತರಿತರಿ ಮೈಯದನ್ನು ಹಾಕಿದ. ಕೂರುವ ಕಮೋಡು, ಹಿಡಿಯಲು ಎರಡು ಸ್ಟೀಲಿನ ಹಿಡಿ. ಒಟ್ಟು ಒಂದು ಲಕ್ಷದ ಹದಿನೆಂಟು ಸಾವಿರ. ಚೌಕಾಸಿ ಮಾಡದೆ ನಾನು ಕೊಟ್ಟ ಮೊದಲ ದುಡ್ಡು ಅದು.

ಮನೆಗೆ ಬಂದ ದಿನ ಅಮ್ಮ ನಾಗವೇಣಿಯ ಕೈ ಬಿಡಿಸಿಕೊಂಡು ಒಬ್ಬಳೇ ಒಳಗೆ ಹೋದಳು, ಒಬ್ಬಳೇ ಎದ್ದು ಬಂದಳು. ಏಟಾಯ್ತು ಎಂದು ಕೇಳಿದಳು. ಎಂಟು ಸಾವಿರ ಎಂದೆ.

"ಜಾಸ್ತಿ ಆಯ್ತು ಕಣ್ಲಾ," ಎಂದಳು.

ಕಿಡ್ನಿ ಸುಧಾರಿಸಲಿಲ್ಲ. ಅಮ್ಮ ಹೊಸ ಬಾತ್‌ರೂಮನ್ನು ಬಳಸಿದ್ದು ಹತ್ತೊಂಬತ್ತು ದಿನ. ಅವಳ ತಿಥಿ ಕಳೆದ ಎಷ್ಟೋ ದಿನದ ಮೇಲೆ ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ತಿಂದು, ಕಾಫಿ ಕುಡಿದು ಹೋದರು. ಒಬ್ಬರೂ ಬಾತ್‌ರೂಮು ಎಲ್ಲಿದೆ ಎಂದು ಕೇಳಲಿಲ್ಲ.

ಮೊನ್ನೆ ಗುಂಡ್ಲುಪೇಟೆಯಿಂದ ಗೆಳೆಯ ಶಿವಣ್ಣ ಫೋನ್ ಮಾಡಿದ. ಅವನೂ ಬಾತ್‌ರೂಮು ಒಡೆಸಬೇಕಂತೆ, ಏನು ಖರ್ಚು ಬರುತ್ತದೆ ಎಂದು ಕೇಳಿದ. ನಮ್ಮ ಅಳತೆಯದಾದರೆ ಎಂಬತ್ತು ಸಾವಿರದಿಂದ ಒಂದು ಇಪ್ಪತ್ತರವರೆಗೆ ಎಂದೆ. ಗೋಡೆಯೊಳಗೆ ಏನಿದೆಯೋ ಒಡೆಯುವ ತನಕ ಗೊತ್ತಾಗುವುದಿಲ್ಲ, ಇನ್ನೊಂದು ಹದಿನೈದು ಸಾವಿರ ಪಕ್ಕಕ್ಕಿಟ್ಟುಕೋ ಎಂದೆ. ಆಮೇಲೆ, ಮನೆಯಲ್ಲಿ ಯಾರಿಗಾದರೂ ಅಲ್ಲಿ ಹೋಗಿ ಬರಲು ಕಷ್ಟವಿದೆಯಾ ಎಂದು ಕೇಳಿದೆ. ಯಾರಿಗೂ ಇಲ್ಲ, ಎಲ್ಲರೂ ಚೆನ್ನಾಗಿದ್ದಾರೆ ಎಂದು ನಕ್ಕ. ನಗು ಅರ್ಧಕ್ಕೆ ನಿಂತಿತು.

"ನಮ್ ಮಾವ ಮಾತ್ರ ವಾರಕ್ಕೊಂದು ದಿನ ಸ್ನಾನ ಮಾಡ್ತರ ಕಣಪ್ಪ. ಚಳಿ ಅಂತರ. ಈ ಬ್ಯಾಸ್ಗೇಲಿ ಏನ್ ಚಳಿ ಅಂತ ನಾವೆಲ್ಲ ನಗಾಡ್ತಿದ್ದೊ."

ಅವ್ರನ್ನ ಒಂದ್ ಮಾತು ಕೇಳಿ ಆಮೇಲೆ ಫೋನ್ ಮಾಡ್ತೀನಿ ತಡಿ ಎಂದು, ಟೈಲ್ಸಿನ ದರ ಕೇಳದೆಯೇ ಇಟ್ಟುಬಿಟ್ಟ.