ನಾಯಿಮರಿಗಾಗಿ ಮೂರು ವಾರದ ಪರೀಕ್ಷೆ

ಮೈಸೂರಿನ ಹಾಸ್ಟೆಲಿನಲ್ಲಿ ಎಂಟು ವರ್ಷ ಗಂಟೆಯ ಸದ್ದಿಗೇ ಎದ್ದು, ಉಂಡು, ಮಲಗಿ ಬೆಳೆದವಳು ನಾನು. ಬರೆದಿಟ್ಟದ್ದು ತಪ್ಪುವುದಿಲ್ಲ ಎಂಬುದು ನನ್ನ ನಂಬಿಕೆ. ಮಗಳ ಉಬ್ಬಸಕ್ಕೂ ಒಂದು ನೋಟುಪುಸ್ತಕ ಇಟ್ಟಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಕೊಚ್ಚಿಯ ಪಾಲಾರಿವಟ್ಟಂನಲ್ಲಿದ್ದೆವು. ನಮ್ಮ ಮನೆಯವರು ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ವಿಜ್ಞಾನಿ, ನಾನು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮಹಡಿಯ ಕೆಳಗಿದ್ದ ಮಾಲೀಕರ ನಾಯಿಯನ್ನು ಸಂಜೆಯೆಲ್ಲ ತಬ್ಬಿಕೊಂಡು ಕೂತು ಬಂದ ದಿನ ಮಗಳಿಗೆ ಮೊದಲ ಸಲ ಉಸಿರು ಕಟ್ಟಿತು. ಎರ್ನಾಕುಲಂನ ಡಾಕ್ಟರು ನಾಯಿ, ಧೂಳು, ಗೋಡೆಯ ಬೂಷ್ಟು ಎಂದು ಪಟ್ಟಿ ಕೊಟ್ಟರು. ತಿರುವನಂತಪುರಕ್ಕೆ ವರ್ಗವಾಗಿ ಸಾಮಾನು ಕಟ್ಟುವಾಗ ಅವಳು ನನ್ನ ಹಿಂದೆ ಹಿಂದೆಯೇ ಸುತ್ತುತ್ತ ನಾಯಿಮರಿ ಬೇಕೆಂದಳು. "ಅಲ್ಲಿ ಉಬ್ಬಸ ಕಮ್ಮಿಯಾದ್ರೆ ನೋಡೋಣ" ಎಂದೆ. ಕೈಯಲ್ಲಿ ಹಗ್ಗ ಇತ್ತು, ಮಾತಿನ ಮೇಲೆ ಗಮನ ಇರಲಿಲ್ಲ. ಅವಳು ಅದನ್ನು ಭಾಷೆ ಕೊಟ್ಟಂತೆ ಹಿಡಿದುಕೊಂಡಳು.

ತಿರುವನಂತಪುರದ ಉಳ್ಳೂರಿನ ಬಾಡಿಗೆ ಮನೆಗೆ ಬಂದಾಗ ಅವಳಿಗೆ ಹತ್ತು ವರ್ಷ. ಹೊಸ ಶಾಲೆಯಲ್ಲಿ ಒಬ್ಬಳೂ ಗೆಳತಿಯಾಗಲಿಲ್ಲ. ಸಂಜೆ ಗೇಟಿನ ಕಂಬಿ ಹಿಡಿದು ನಿಲ್ಲುವಳು. ಆರು ತಿಂಗಳು ಉಬ್ಬಸ ಹತ್ತಿರ ಸುಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯ ಹೆಂಗಸಿನ ನಾಯಿ ಮೂರು ಮರಿ ಹಾಕಿತು. ನಾವು ಅವರನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ಮಗಳು ಆರು ತಿಂಗಳನ್ನು ಬೆರಳಲ್ಲಿ ಎಣಿಸಿ ತೋರಿಸಿದಳು.

ನಾನು ಪರೀಕ್ಷೆ ಇಟ್ಟೆ. ಮೂರು ವಾರ, ದಿನ ಬಿಟ್ಟು ದಿನ, ಸಂಜೆ ಐದರಿಂದ ಐದೂವರೆ ಚೇಚಿಯ ಜಗಲಿಯಲ್ಲಿ ಮರಿಯ ಜೊತೆ. ಆರಕ್ಕೆ, ಉಸಿರಿನ ಬಲ ಅಳೆಯಲು ಡಾಕ್ಟರು ಕೊಟ್ಟ ಪ್ಲಾಸ್ಟಿಕ್ ಕೊಳವೆಯನ್ನು ಊದಬೇಕು, ಮುಳ್ಳು ಎಷ್ಟಕ್ಕೆ ನಿಂತಿತೋ ನಾನು ಬರೆಯಬೇಕು. ನಾಯಿಯ ದಿನಕ್ಕೆ ಕೆಂಪು ಶಾಯಿ, ಉಳಿದ ದಿನಕ್ಕೆ ನೀಲಿ.

"ಟೀಚರೇ, ನಾಯಿಗೂ ಟೈಮ್‌ಟೇಬಲ್ಲಾ?" ಎಂದು ಚೇಚಿ ಮಲಯಾಳದಲ್ಲಿ ನಕ್ಕರು. "ಸ್ವಲ್ಪ ದಿನಕ್ಕೆ ಅದೂ ಮಗ್ಗಿ ಹೇಳುತ್ತೆ ಬಿಡಿ."

ಮೂರು ವಾರ ಕಳೆದಾಗ ಕೆಂಪು ಅಂಕಿಗಳು ನೀಲಿಗಿಂತ ಮೇಲಿದ್ದವು. ಮನೆಯವರು ಪುಸ್ತಕವನ್ನು ದೀಪಕ್ಕೆ ಹಿಡಿದರು.

"ನಾಯಿ ಮುಟ್ಟಿದ ದಿನವೇ ಉಸಿರು ಚೆನ್ನಾಗಿದೆಯಲ್ಲೇ. ಇದು ಹೇಗೆ?"

"ಖುಷಿಯಾಗಿದೆ ಮಗು, ಅದಕ್ಕೆ."

"ಖುಷಿಗೆ ಹಾಗೆಲ್ಲ ಮುಳ್ಳು ಏರಲ್ಲ. ಇನ್ನೊಂದು ವಾರ ನೋಡು."

"ನನ್ನ ಪುಸ್ತಕದಲ್ಲಿ ತಪ್ಪಿಲ್ಲ ರೀ."

ಅವರು ಪುಸ್ತಕ ಮುಚ್ಚಿಟ್ಟರು. ಭಾನುವಾರ ಮರಿ ತರುವುದೆಂದು ನಾನೇ ತೀರ್ಮಾನ ಹೇಳಿದೆ. ಮಗಳು ಹಳೆಯ ಗೋಣಿಚೀಲವನ್ನು ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಹಿತ್ತಿಲ ಬಾಗಿಲ ಬಳಿ ಹಾಸಿದಳು.

ಶನಿವಾರ ತಿಂಗಳ ಕೊನೆಯ ದಿನ. ಪ್ರತಿ ತಿಂಗಳ ಕೊನೆಗೆ ಇನ್ಹೇಲರಿನ ಒಳಗಿನ ಲೋಹದ ಡಬ್ಬಿಯನ್ನು ಬಿಚ್ಚಿ ಪಾತ್ರೆಯ ನೀರಿಗೆ ಬಿಡುವುದು ನನ್ನ ಪದ್ಧತಿ. ತುಂಬಿದ ಡಬ್ಬಿ ಮುಳುಗುತ್ತದೆ, ಅರ್ಧವಾದರೆ ತಲೆಕೆಳಗಾಗಿ ನಿಲ್ಲುತ್ತದೆ, ಖಾಲಿಯಾದರೆ ಅಡ್ಡ ತೇಲುತ್ತದೆ. ಹೊಸ ಡಬ್ಬಿ. ಪುಸ್ತಕದ ಪ್ರಕಾರ ಅವಳು ಅದನ್ನು ಮುಟ್ಟಿದ್ದು ನಾಲ್ಕೇ ಸಲ, ಅದೂ ಬರೀ ಕೆಮ್ಮಿಗೆ. ನೀರಿಗೆ ಬಿಟ್ಟೆ. ತಲೆಕೆಳಗಾಗಿ ನಿಂತಿತು. ತೆಗೆದು ಒರೆಸಿ ಮತ್ತೆ ಬಿಟ್ಟೆ. ಹಾಗೆಯೇ ನಿಂತಿತು.

ಮಗಳನ್ನು ಕರೆದೆ. ಬಂದು ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

"ಯಾವಾಗ ತಗೋತಿದ್ದೆ?"

"ಚೇಚಿ ಮನೆಗೆ ಹೋಗೋ ಮುಂಚೆ. ಬಂದ್ಮೇಲೆ ಬಚ್ಚಲಲ್ಲಿ. ಕೆಲವು ಸಲ ಅಲ್ಲೇ, ಬಾವಿ ಹಿಂದೆ."

"ಎಷ್ಟು?"

"ಎದೇಲಿ ಸಿಳ್ಳೆ ನಿಲ್ಲೋವರೆಗೆ." ಆಮೇಲೆ ಎಂದಳು, "ಇವತ್ತು ತಗೊಳ್ಳಲ್ಲ ಅಮ್ಮ. ಒಂದೇ ಒಂದು ಸಲ ನೋಡು. ಈಗ ಅಭ್ಯಾಸ ಆಗಿರುತ್ತೆ."

ಬೇಡವೆನ್ನಬೇಕಿತ್ತು. ಆದರೆ ಮೂರು ವಾರದ ಪುಸ್ತಕ ಸುಳ್ಳಾಗಿತ್ತು, ಒಂದಾದರೂ ನಿಜವಾದ ಅಂಕಿ ನನಗೂ ಬೇಕಿತ್ತು. ಇನ್ಹೇಲರನ್ನು ಮುಷ್ಟಿಯಲ್ಲಿ ಹಿಡಿದು, ಗಡಿಯಾರ ನೋಡಿಕೊಂಡು ಅವಳ ಜೊತೆ ಹೋದೆ.

ಜಗಲಿಯಲ್ಲಿ ಮರಿ ಅವಳ ತೊಡೆಯೇರಿ ಮಲಗಿತು. ಐದು ನಿಮಿಷಕ್ಕೆ ಮೂಗು ಉಜ್ಜಿಕೊಂಡಳು. ಎಂಟಕ್ಕೆ ಭುಜ ಮೇಲೇರಿತು. ಮಾತು ನಿಲ್ಲಿಸಿ, ಬಾಯಿ ಬಿಗಿಹಿಡಿದು ಮೂಗಿನಲ್ಲೇ ಉಸಿರೆಳೆಯತೊಡಗಿದಳು. ಸದ್ದು ನನಗೆ ಕೇಳಿಸಬಾರದೆಂದು ಮರಿಯ ಬೆನ್ನನ್ನು ಕೈಯಿಂದ ಜೋರಾಗಿ ಸವರುತ್ತಿದ್ದಳು. ಆದರೂ ಕೇಳಿಸಿತು. ಹತ್ತನೆಯ ನಿಮಿಷಕ್ಕೆ ತುಟಿಯ ಸುತ್ತ ಬಣ್ಣ ಇಳಿದಿತ್ತು.

"ಟೀಚರೇ, ಸಾಕು, ಮಗುವನ್ನು ಎತ್ತಿ" ಎಂದರು ಚೇಚಿ. ಅವರು ಈಗ ನಗುತ್ತಿರಲಿಲ್ಲ. ಮರಿಯನ್ನು ಅವರೇ ಎತ್ತಿಕೊಂಡು ಒಳಗೆ ಹೋದರು. ನಾನು ಇನ್ಹೇಲರನ್ನು ಅವಳ ಬಾಯಿಗಿಟ್ಟೆ. ಸಾಲಲಿಲ್ಲ. ಮನೆಯವರನ್ನು ಕೂಗಿ, ಆಟೋ ಹಿಡಿದು ಆಸ್ಪತ್ರೆಗೆ ಹೋಗಿ, ಮುಖಕ್ಕೆ ಮಾಸ್ಕ್ ಹಾಕಿಸಿ ಔಷಧಿಯ ಹೊಗೆ ಎರಡು ಸಲ ಕೊಡಿಸಿ ಕರೆತಂದೆವು.

ಆಟೋದಲ್ಲಿ ಅವಳ ಅಪ್ಪ "ಪುಟ್ಟೀ, ಮೀನು ಸಾಕೋಣ್ವಾ?" ಎಂದರು.

"ಸಾರಮಿಲ್ಲ" ಎಂದಳು. ಪರವಾಗಿಲ್ಲ ಎಂಬುದಕ್ಕೆ ಮಲಯಾಳದ ಮಾತು. ಮನೆಯಲ್ಲಿ ಕನ್ನಡವೇ ಆಡಬೇಕೆಂಬ ನನ್ನ ನಿಯಮವನ್ನು ಆ ದಿನ ನೆನಪಿಸಲಿಲ್ಲ.

ಭಾನುವಾರ ಮರಿ ಬೇರೆ ಯಾರದೋ ಮನೆಗೆ ಹೋಯಿತು. ಗೋಣಿಚೀಲವನ್ನು ಅವಳೇ ಮಡಿಸಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಶಾಲೆಗೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗತೊಡಗಿದಳು, ಚೇಚಿಯ ಗೇಟು ಎದುರಾಗದಂತೆ. ನೋಟುಪುಸ್ತಕ ಇನ್ನು ಮೇಲೆ ತಾನೇ ಬರೆಯುತ್ತೇನೆಂದಳು.

ಬರೆದಳು, ನೀಲಿ ಶಾಯಿಯಲ್ಲಿ, ಒಂದು ದಿನವೂ ಬಿಡದೆ. ಕೆಮ್ಮಿದರೆ ಕೆಮ್ಮು ಎಂದು, ಇನ್ಹೇಲರ್ ತೆಗೆದುಕೊಂಡರೆ ಗಂಟೆ ಸಮೇತ. ಪ್ರತಿ ತಿಂಗಳ ಕೊನೆಗೆ ಡಬ್ಬಿ ಬಿಚ್ಚಿ ನೀರಿಗೆ ಬಿಡುತ್ತಿದ್ದೆ. ಅವಳು ಬರೆದಷ್ಟೇ ಅದು ಕಡಿಮೆಯಾಗಿರುತ್ತಿತ್ತು. ನಾಯಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನಮ್ಮ ಬಳಿ ಬೇರೆ ಏನನ್ನೂ ಕೇಳಿದ ನೆನಪೂ ನನಗಿಲ್ಲ.